ಗಣಕಯಂತ್ರದಲ್ಲಿ ಕಾಲಗಣನೆ: ಟೈಮರಿನ ಆವೃತ್ತಿಯನ್ನು ಕರ್ನಲಿನಲ್ಲಿ ನಮೂದಿಸುವ ಬಗೆ

ಗೋಡೆಯ ಗಡಿಯಾರವು ದಿನಕ್ಕೆ ಹತ್ತು ಹದಿನೈದು ಸೆಕೆಂಡುಗಳಷ್ಟು ಮುಂದೋಡಿದರೆ ಅದರ ಚಕ್ರವೋ ಲೋಲಕವೋ ಕೆಟ್ಟಿರಬೇಕೆಂದು ನಾವು ಊಹಿಸುತ್ತೇವೆ. ಗಣಕಯಂತ್ರದ ಗಡಿಯಾರದ ವಿಷಯದಲ್ಲಿ ಈ ಊಹೆ ಯಾವಾಗಲೂ ಸಲ್ಲುವುದಿಲ್ಲ. ಅಲ್ಲಿ ಸ್ಫಟಿಕವು ಕ್ರಮ ತಪ್ಪದೆ ಕಂಪಿಸುತ್ತಿರಬಹುದು, ವಿದ್ಯುನ್ಮಂಡಲಗಳೆಲ್ಲವೂ ನಿರ್ದುಷ್ಟವಾಗಿರಬಹುದು. ಆದರೂ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲಿನಲ್ಲಿ ಬರೆದಿಟ್ಟಿರುವ ಒಂದು ಸಂಖ್ಯೆ ತಪ್ಪಾಗಿದ್ದರೆ, ಅಥವಾ ಸರಿಯಾದ ಸಂಖ್ಯೆಯನ್ನೇ ಅಜಾಗರೂಕತೆಯಿಂದ ಭಾಗಿಸಿದ್ದರೆ, ಯಂತ್ರವು ತಪ್ಪು ಕಾಲವನ್ನು ತೋರಿಸುತ್ತದೆ. ಆ ಸಂಖ್ಯೆಯೇ ಟೈಮರಿನ ಆವೃತ್ತಿ, ಎಂದರೆ ಟೈಮರಿಗೆ ಸೆಕೆಂಡಿಗೆ ಎಷ್ಟು ಮಿಡಿತಗಳು ಬಂದು ಮುಟ್ಟುತ್ತವೆ ಎಂಬುದರ ಲೆಕ್ಕ.

ಕಾಲಗಣನೆಯ ಪ್ರಯೋಜನವು ಪರದೆಯ ಮೂಲೆಯಲ್ಲಿ ಗಂಟೆಯನ್ನು ತೋರಿಸುವುದಷ್ಟೇ ಅಲ್ಲ. ಹಲವು ಪ್ರೋಗ್ರಾಂಗಳಿಗೆ ಪ್ರೊಸೆಸರಿನ ಸಮಯವನ್ನು ಹಂಚಿಕೊಡುವುದು, ಜಾಲದಲ್ಲಿ ಕಳುಹಿಸಿದ ಸಂದೇಶಕ್ಕೆ ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾದು ಮತ್ತೆ ಕಳುಹಿಸಬೇಕೆಂದು ತೀರ್ಮಾನಿಸುವುದು, ಕಡತಗಳಲ್ಲಿ ಯಾವುದು ಹಿಂದಿನದು ಯಾವುದು ಮುಂದಿನದು ಎಂದು ಗುರುತಿಸುವುದು, ಇವೆಲ್ಲವೂ ಈ ಒಂದು ಸಂಖ್ಯೆಯನ್ನು ಆಧರಿಸಿವೆ. ಈ ಸಂಖ್ಯೆ ಎಲ್ಲಿಂದ ಬರುತ್ತದೆ, ಕರ್ನಲಿನಲ್ಲಿ ಅದನ್ನು ಹೇಗೆ ನಮೂದಿಸುತ್ತಾರೆ, ನಮೂದಿಸುವಾಗ ಉಂಟಾಗುವ ದೋಷಗಳಾವುವು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗುವುದು. ಲಿನಕ್ಸ್ ಕರ್ನಲಿನ ಕೋಡ್ ಯಾರು ಬೇಕಾದರೂ ತೆರೆದು ಓದಬಹುದಾದದ್ದು. ಆದಕಾರಣ ನಿದರ್ಶನಗಳನ್ನು ಅಲ್ಲಿಂದಲೇ ಆರಿಸಿಕೊಂಡಿದೆ.

1. ಟೈಮರಿನ ರಚನೆ

ಟೈಮರೆಂಬುದು ಮೂಲತಃ ಎಣಿಸುವ ಯಂತ್ರವೇ ಹೊರತು ಕಾಲವನ್ನು ಬಲ್ಲ ಯಂತ್ರವಲ್ಲ. ಕ್ವಾರ್ಟ್ಸ್ ಸ್ಫಟಿಕದ ಒಂದು ತೆಳುಹಲ್ಲೆಯನ್ನು ವಿದ್ಯುನ್ಮಂಡಲದಲ್ಲಿ ಸೇರಿಸಿದರೆ ಅದು ತನ್ನ ಆಕಾರ ಗಾತ್ರಗಳಿಗೆ ತಕ್ಕ ನಿಯತ ವೇಗದಲ್ಲಿ ಕಂಪಿಸುತ್ತದೆ. ಈ ಕಂಪನಗಳನ್ನು ಒಂದು ಕೌಂಟರು ಎಣಿಸುತ್ತದೆ. ಕೌಂಟರಿನಲ್ಲಿ ಮೊದಲು ಒಂದು ಸಂಖ್ಯೆಯನ್ನು ತುಂಬಲಾಗುತ್ತದೆ. ಪ್ರತಿಯೊಂದು ಮಿಡಿತಕ್ಕೂ ಆ ಸಂಖ್ಯೆ ಒಂದೊಂದಾಗಿ ಇಳಿದು ಸೊನ್ನೆಯನ್ನು ಮುಟ್ಟಿದಾಗ ಟೈಮರು ಪ್ರೊಸೆಸರಿಗೆ ಇಂಟರಪ್ಟ್ ಎಂಬ ತಡೆಸಂಕೇತವನ್ನು ಕಳುಹಿಸುತ್ತದೆ. ಅನಂತರ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹೀಗೆ ಕ್ರಮವಾಗಿ ಬರುವ ಸಂಕೇತಗಳಿಗೆ ಟಿಕ್ ಎಂದು ಹೆಸರು. ಇವುಗಳ ಲೆಕ್ಕವನ್ನು ಕರ್ನಲ್ ಜಿಫೀಸ್ ಎಂಬ ಚಲಾಂಕದಲ್ಲಿ ಇಟ್ಟುಕೊಳ್ಳುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಕರ್ನಲಿಗೆ ತಿಳಿಯುವುದು ಎಣಿಕೆ ಮಾತ್ರ. ಆ ಎಣಿಕೆಯನ್ನು ಸೆಕೆಂಡುಗಳಿಗೆ ಪರಿವರ್ತಿಸಬೇಕಾದರೆ ಮಿಡಿತಗಳ ಆವೃತ್ತಿ ಎಷ್ಟೆಂಬುದನ್ನು ಅದಕ್ಕೆ ಬೇರೆ ಯಾರಾದರೂ ತಿಳಿಸಬೇಕು. ಕೋಡಿನಲ್ಲಿ ಬರೆದ ಆವೃತ್ತಿಯು ಸ್ಫಟಿಕಕ್ಕೆ ಮಾಡಿದ ಆಜ್ಞೆಯಲ್ಲ, ಸ್ಫಟಿಕದ ವಿಷಯವಾಗಿ ಕರ್ನಲಿಗೆ ಒಪ್ಪಿಸಿದ ವರದಿ. ಆಜ್ಞೆಯನ್ನು ಬದಲಾಯಿಸಿದರೆ ಯಂತ್ರದ ನಡೆ ಬದಲಾಗುತ್ತದೆ. ವರದಿಯನ್ನು ಬದಲಾಯಿಸಿದರೆ ಸ್ಫಟಿಕದ ನಡೆ ಬದಲಾಗದೆ ಕರ್ನಲಿನ ನಂಬಿಕೆ ಮಾತ್ರ ಬದಲಾಗುತ್ತದೆ. ವಿದ್ಯಾರ್ಥಿಗಳು ಈ ಎರಡನ್ನು ಒಂದೆಂದು ತಿಳಿಯುವುದರಿಂದಲೇ ಅನೇಕ ಗೊಂದಲಗಳು ಹುಟ್ಟುತ್ತವೆ.

2. 11,93,182 ಎಂಬ ಸಂಖ್ಯೆಯ ವೃತ್ತಾಂತ

1981ರಲ್ಲಿ ಹೊರಬಂದ ಐಬಿಎಂ ಪಿಸಿಯಲ್ಲಿ ಇಂಟೆಲ್ 8253 ಎಂಬ ಟೈಮರನ್ನು ಅಳವಡಿಸಲಾಗಿತ್ತು. ಅದರಲ್ಲಿ ಮೂರು ಕೌಂಟರುಗಳಿದ್ದುವು. ಒಂದು ಕಾಲಗಣನೆಗೆ, ಮತ್ತೊಂದು ಸ್ಮೃತಿಕೋಶಗಳನ್ನು ಆಗಾಗ ಪುನಶ್ಚೇತನಗೊಳಿಸುವುದಕ್ಕೆ, ಮೂರನೆಯದು ಸ್ಪೀಕರಿಗೆ. ಇವುಗಳಿಗೆ ಒದಗುತ್ತಿದ್ದ ಮಿಡಿತದ ಆವೃತ್ತಿ ಸೆಕೆಂಡಿಗೆ ಸುಮಾರು 11,93,182. ಹತ್ತು ಲಕ್ಷವೆಂಬ ದುಂಡುಸಂಖ್ಯೆಯನ್ನು ಬಿಟ್ಟು ಇಂಥ ವಕ್ರ ಸಂಖ್ಯೆಯನ್ನು ಏಕೆ ಆರಿಸಿದರು? ಇದರ ಉತ್ತರವು ಟೆಲಿವಿಷನ್ನಿನ ಚರಿತ್ರೆಯಲ್ಲಿದೆ.

ಅಮೆರಿಕದಲ್ಲಿ 1953ರಲ್ಲಿ ಅಂಗೀಕೃತವಾದ ವರ್ಣ ಟೆಲಿವಿಷನ್ ಪದ್ಧತಿಯಲ್ಲಿ ಬಣ್ಣದ ಮಾಹಿತಿಯನ್ನು ಹೊರುವ ಉಪವಾಹಕ ತರಂಗದ ಆವೃತ್ತಿ 3.579545 ಮೆಗಾಹರ್ಟ್ಸ್. ಧ್ವನಿಯ ವಾಹಕಕ್ಕೂ ಚಿತ್ರಕ್ಕೂ ನಡುವಿನ 4.5 ಮೆಗಾಹರ್ಟ್ಸ್ ಅಂತರವನ್ನು 286ರಿಂದ ಭಾಗಿಸಿ, ಬಂದುದನ್ನು 455ರಿಂದ ಗುಣಿಸಿ ಅರ್ಧಮಾಡಿದರೆ ಈ ಸಂಖ್ಯೆ ದೊರೆಯುತ್ತದೆ. ಬಣ್ಣದ ಸಂಕೇತವು ಧ್ವನಿಯೊಡನೆ ಕಲೆತು ಚಿತ್ರವನ್ನು ಕೆಡಿಸದಿರಲೆಂದು ಮಾಡಿದ ಏರ್ಪಾಡು ಇದು. ಪಿಸಿಯ ವರ್ಣಚಿತ್ರದ ಕಾರ್ಡು ಟೆಲಿವಿಷನ್ ಪರದೆಯ ಮೇಲೂ ಬಣ್ಣವನ್ನು ಮೂಡಿಸಬೇಕಾಗಿದ್ದುದರಿಂದ ಈ ಆವೃತ್ತಿಯ ನಾಲ್ಕರಷ್ಟಾದ 14.31818 ಮೆಗಾಹರ್ಟ್ಸಿನ ಒಂದೇ ಸ್ಫಟಿಕವನ್ನಿಟ್ಟು, ಅದನ್ನು 3ರಿಂದ ಭಾಗಿಸಿ ಪ್ರೊಸೆಸರಿಗೂ 12ರಿಂದ ಭಾಗಿಸಿ ಟೈಮರಿಗೂ ಕೊಟ್ಟರು. ಹೀಗೆ ಟೈಮರಿನ ಆವೃತ್ತಿಯ ನಿಜವಾದ ಬೆಲೆ 105/88 ಮೆಗಾಹರ್ಟ್ಸ್, ಎಂದರೆ 11,93,181.8181… ಹರ್ಟ್ಸ್. ಇದು ಎಂದಿಗೂ ಮುಗಿಯದ ಆವರ್ತ ದಶಮಾಂಶ. ಭಾರತದಲ್ಲಿ 1982ರಲ್ಲಿ ವರ್ಣ ಟೆಲಿವಿಷನ್ ಬಂದಾಗ ಸ್ವೀಕರಿಸಿದ ಪಾಲ್ ಪದ್ಧತಿಯ ಉಪವಾಹಕ ಬೇರೆ. ಅದರ ಆವೃತ್ತಿ ಸುಮಾರು 4.43 ಮೆಗಾಹರ್ಟ್ಸ್. ಆದರೂ ನಮ್ಮ ಕಾಲೇಜುಗಳ ಮೇಜಿನ ಮೇಲೆ ಬಂದು ಕುಳಿತ ಪಿಸಿಗಳೆಲ್ಲವೂ ಅಮೆರಿಕದ ಟೆಲಿವಿಷನ್ನಿನ ಸಂಖ್ಯೆಯನ್ನೇ ಹೊತ್ತು ತಂದುವು.

ಮುಗಿಯದ ಸಂಖ್ಯೆಯನ್ನು ಕೋಡಿನಲ್ಲಿ ಬರೆಯುವಾಗ ಎಲ್ಲಿಯಾದರೂ ಕತ್ತರಿಸಲೇಬೇಕು. ಪಿಸಿಯ ಬಯಾಸ್ ದಿನವೊಂದಕ್ಕೆ 15,73,040 ಟಿಕ್‌ಗಳಾದ ಮೇಲೆ ಮರುದಿನವಾಯಿತೆಂದು ಎಣಿಸುತ್ತಿತ್ತು. ಕೌಂಟರು 65,536 ಮಿಡಿತಗಳಿಗೊಮ್ಮೆ ಟಿಕ್ ಕೊಡುತ್ತಿದ್ದುದರಿಂದ, ಆವೃತ್ತಿಯನ್ನು 11,93,180 ಎಂದು ಹಿಡಿದರೆ ಈ ಲೆಕ್ಕ ಸರಿಹೋಗುತ್ತದೆ. 105/88ನ್ನು ಹಿಡಿದರೆ 15,73,042 ಆಗಬೇಕು. ಲಿನಕ್ಸಿನಲ್ಲಿಯೂ ಕ್ಲಾಕ್ ಟಿಕ್ ರೇಟ್ ಎಂಬ ಸ್ಥಿರಾಂಕದ ಬೆಲೆ ಬಹುಕಾಲ 11,93,180 ಎಂದೇ ಇದ್ದು, ಮುಂದೆ 11,93,182 ಎಂದು ತಿದ್ದಲ್ಪಟ್ಟಿತು. ಈ ವ್ಯತ್ಯಾಸವು ದಶಲಕ್ಷದಲ್ಲಿ ಒಂದೂವರೆ ಭಾಗ ಮಾತ್ರ. ಆದರೂ ಆವೃತ್ತಿಯ ಅಂಕವನ್ನೇ ನೆಚ್ಚಿ ಕಾಲವನ್ನು ಎಣಿಸುವ ಗಡಿಯಾರದಲ್ಲಿ ಅದು ವರ್ಷಕ್ಕೆ ಸುಮಾರು 48 ಸೆಕೆಂಡುಗಳಾಗಿ ಬೆಳೆಯುತ್ತದೆ.

3. ವರದಿಯ ಸಂಖ್ಯೆ, ಆಯ್ಕೆಯ ಸಂಖ್ಯೆ

ಕರ್ನಲಿನಲ್ಲಿ ಇದಲ್ಲದೆ ಎಚ್‌ಝಡ್ ಎಂಬ ಇನ್ನೊಂದು ಸ್ಥಿರಾಂಕವಿದೆ. ಸೆಕೆಂಡಿಗೆ ಎಷ್ಟು ಟಿಕ್‌ಗಳು ಬೇಕೆಂಬುದನ್ನು ಅದು ಹೇಳುತ್ತದೆ. ಟೈಮರಿನ ಆವೃತ್ತಿ ಪ್ರಪಂಚದ ಸಂಗತಿಯಾದರೆ ಎಚ್‌ಝಡ್ ಕರ್ನಲನ್ನು ರಚಿಸಿದವರ ಆಯ್ಕೆ. ಪಿಸಿಗಳಲ್ಲಿ ಮೊದಲು ಅದು 100 ಆಗಿತ್ತು. 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಆವೃತ್ತಿಯಲ್ಲಿ 1000 ಆಯಿತು. 2005ರಿಂದ 100, 250, 1000 ಇವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದಾಯಿತು. ಟಿಕ್‌ಗಳು ಹೆಚ್ಚಾದಷ್ಟೂ ಕಾಲದ ವಿಭಾಗ ಸೂಕ್ಷ್ಮವಾಗುತ್ತದೆ. ಆದರೆ ಪ್ರೊಸೆಸರು ಅಷ್ಟು ಬಾರಿ ತನ್ನ ಕೆಲಸವನ್ನು ನಿಲ್ಲಿಸಬೇಕಾಗುತ್ತದೆ.

ಆವೃತ್ತಿಯನ್ನು ಎಚ್‌ಝಡ್‌ನಿಂದ ಭಾಗಿಸಿದರೆ ಕೌಂಟರಿನಲ್ಲಿ ತುಂಬಬೇಕಾದ ಸಂಖ್ಯೆ ದೊರೆಯುತ್ತದೆ. ಇದಕ್ಕೆ ಲ್ಯಾಚ್ ಎಂದು ಹೆಸರು. ಕೌಂಟರು ಪೂರ್ಣಾಂಕವನ್ನಲ್ಲದೆ ಭಿನ್ನರಾಶಿಯನ್ನು ಸ್ವೀಕರಿಸದು. ಆದಕಾರಣ ಭಾಗಿಸುವುದಕ್ಕೆ ಮುನ್ನ ಎಚ್‌ಝಡ್‌ನ ಅರ್ಧವನ್ನು ಆವೃತ್ತಿಗೆ ಕೂಡಿಸುತ್ತಾರೆ. ಇದರಿಂದ ಭಾಗಲಬ್ಧವು ಅತಿ ಸಮೀಪದ ಪೂರ್ಣಾಂಕಕ್ಕೆ ಹೊಂದಿಕೊಳ್ಳುತ್ತದೆ. ಮೂರು ಆಯ್ಕೆಗಳಿಗೂ ಫಲವನ್ನು ಲೆಕ್ಕಮಾಡಿ ನೋಡೋಣ. ಪ್ರತಿಯೊಂದು ಟಿಕ್ಕನ್ನೂ ಕರ್ನಲ್ ಕರಾರುವಾಕ್ಕಾಗಿ ಸೆಕೆಂಡಿನ 1/100, 1/250 ಅಥವಾ 1/1000 ಎಂದೇ ನಂಬಿತೆಂದು ಇಟ್ಟುಕೊಳ್ಳಬೇಕು.

ಎಚ್‌ಝಡ್ 100: ಬೇಕಾದುದು 11,931.82, ತುಂಬಿದುದು 11,932, ದೋಷ ದಶಲಕ್ಷದಲ್ಲಿ 15.2 ಭಾಗ; ದಿನಕ್ಕೆ 1.32 ಸೆಕೆಂಡು ಹಿಂದು.
ಎಚ್‌ಝಡ್ 250: ಬೇಕಾದುದು 4,772.73, ತುಂಬಿದುದು 4,773, ದೋಷ ದಶಲಕ್ಷದಲ್ಲಿ 57.1 ಭಾಗ, ದಿನಕ್ಕೆ 4.94 ಸೆಕೆಂಡು ಹಿಂದು.
ಎಚ್‌ಝಡ್ 1000: ಬೇಕಾದುದು 1,193.18, ತುಂಬಿದುದು 1,193, ದೋಷ ದಶಲಕ್ಷದಲ್ಲಿ 152.4 ಭಾಗ, ದಿನಕ್ಕೆ 13.17 ಸೆಕೆಂಡು ಮುಂದು.

ಇದರಿಂದ ಒಂದು ವಿಚಿತ್ರ ಸಂಗತಿ ವಿದಿತವಾಗುತ್ತದೆ. ಕಾಲವನ್ನು ಸೂಕ್ಷ್ಮವಾಗಿ ವಿಭಾಗಿಸಬೇಕೆಂದು ಟಿಕ್‌ಗಳನ್ನು ಹತ್ತು ಮಡಿ ಹೆಚ್ಚಿಸಿದೆವು. ಗಡಿಯಾರದ ದೋಷವೂ ಹತ್ತು ಮಡಿ ಹೆಚ್ಚಿತು. ಭಾಗಲಬ್ಧವು ಚಿಕ್ಕದಾದಷ್ಟೂ ಕೈಬಿಟ್ಟ ಭಿನ್ನರಾಶಿಯ ತೂಕ ಹೆಚ್ಚುವುದೇ ಇದಕ್ಕೆ ಕಾರಣ. ಇದಕ್ಕೆ ಪರಿಹಾರವೂ ಸರಳವಾದದ್ದೇ. ಬಯಸಿದ ಅವಧಿಯನ್ನು ನಂಬುವುದಕ್ಕೆ ಬದಲಾಗಿ, ಲ್ಯಾಚಿನ ಪೂರ್ಣಾಂಕವನ್ನು ಆವೃತ್ತಿಯಿಂದ ಭಾಗಿಸಿ ಟಿಕ್ಕಿನ ನಿಜವಾದ ಅವಧಿಯನ್ನು ಕಂಡುಕೊಳ್ಳಬೇಕು. 2.6ನೆಯ ಕರ್ನಲ್ ಹೀಗೆಯೇ ಮಾಡಿ, ಎಚ್‌ಝಡ್ 1000 ಆಗಿದ್ದಾಗ ಒಂದು ಟಿಕ್ಕಿಗೆ 10,00,000 ನ್ಯಾನೊಸೆಕೆಂಡುಗಳೆನ್ನದೆ 9,99,848 ಎಂದು ಲೆಕ್ಕವಿಟ್ಟಿತು. ಗಡಿಯಾರ ಇದರಿಂದ ನೇರವಾಯಿತು. ಆದರೆ ಮತ್ತೊಂದು ತೊಡಕು ತಲೆದೋರಿತು. ಒಂದು ಟಿಕ್ ಒಂದು ಮಿಲಿಸೆಕೆಂಡಿಗಿಂತ ತುಸು ಕಿರಿದಾದುದರಿಂದ, ಪ್ರೋಗ್ರಾಂ ಒಂದು ಮಿಲಿಸೆಕೆಂಡು ಕಾಯಬೇಕೆಂದು ಕೇಳಿದರೆ ಒಂದು ಟಿಕ್ ಸಾಲದೆ ಎರಡು ಟಿಕ್‌ಗಳನ್ನು ಕೊಡಬೇಕಾಯಿತು.

4. ಎಣಿಕೆಯಿಂದ ಕಾಲಕ್ಕೆ

2006–07ರ ವೇಳೆಗೆ ಲಿನಕ್ಸಿನಲ್ಲಿ ಕಾಲಗಣನೆಯ ಏರ್ಪಾಡನ್ನು ಹೊಸದಾಗಿ ರಚಿಸಲಾಯಿತು. ಈ ಏರ್ಪಾಡಿನಲ್ಲಿ ಟಿಕ್‌ಗಳನ್ನು ಎಣಿಸಿ ಕಾಲವನ್ನು ತಿಳಿಯುವುದಿಲ್ಲ. ನಿಲ್ಲದೆ ಏರುತ್ತಲೇ ಇರುವ ಒಂದು ಕೌಂಟರನ್ನು ಬೇಕಾದಾಗ ಓದಿ, ಕಳೆದ ಮಿಡಿತಗಳನ್ನು ನ್ಯಾನೊಸೆಕೆಂಡುಗಳಿಗೆ ಪರಿವರ್ತಿಸುತ್ತಾರೆ. ಟಿಕ್ ತಪ್ಪಿಹೋದರೂ, ಬೇಕೆಂದೇ ನಿಲ್ಲಿಸಿದರೂ ಕಾಲವು ಕೆಡುವುದಿಲ್ಲ. ಆದರೆ ಆವೃತ್ತಿಯನ್ನು ನಮೂದಿಸುವ ಹೊಣೆ ಮಾತ್ರ ತಪ್ಪಿದ್ದಲ್ಲ.

ಕೌಂಟರಿನ ಆವೃತ್ತಿ 24 ಮೆಗಾಹರ್ಟ್ಸ್ ಎಂದು ಭಾವಿಸೋಣ. ಒಂದು ಮಿಡಿತಕ್ಕೆ 41.666… ನ್ಯಾನೊಸೆಕೆಂಡು. ಕರ್ನಲಿನೊಳಗೆ ದಶಮಾಂಶದ ಲೆಕ್ಕವನ್ನು ಸಾಮಾನ್ಯವಾಗಿ ಮಾಡುವುದಿಲ್ಲವಾದ್ದರಿಂದ 41 ಎಂದು ಬರೆದುಕೊಂಡರೆ ಗಡಿಯಾರವು ದಿನಕ್ಕೆ 23 ನಿಮಿಷ ಹಿಂದೆ ಬೀಳುತ್ತದೆ. ಈ ಕಷ್ಟವನ್ನು ನಿವಾರಿಸಲು 41.666…ನ್ನು 2ರ 24ನೆಯ ಘಾತದಿಂದ, ಎಂದರೆ 1,67,77,216ರಿಂದ, ಮೊದಲೇ ಗುಣಿಸಿ 69,90,50,667 ಎಂಬ ಪೂರ್ಣಾಂಕವನ್ನು ಇಟ್ಟುಕೊಳ್ಳುತ್ತಾರೆ. ಮಿಡಿತಗಳನ್ನು ಇದರಿಂದ ಗುಣಿಸಿ, ಬಂದ ಫಲವನ್ನು ದ್ವಿಮಾನ ಪದ್ಧತಿಯಲ್ಲಿ 24 ಸ್ಥಾನ ಬಲಕ್ಕೆ ಸರಿಸಿದರೆ ಭಾಗಾಕಾರವು ತಾನಾಗಿ ಆಗುತ್ತದೆ. ಈ ಗುಣಕದ ದೋಷ ದಿನಕ್ಕೆ ಸುಮಾರು 41 ಮೈಕ್ರೊಸೆಕೆಂಡು ಮಾತ್ರ. ಒಂದೇ ಆವೃತ್ತಿ, ಒಂದೇ ಸ್ಫಟಿಕ. ಪೂರ್ಣಾಂಕವನ್ನು ಬರೆದಿಡುವ ಬಗೆಯಿಂದ ಮಾತ್ರ ಈ ಅಂತರ ಉಂಟಾಯಿತೆಂಬುದನ್ನು ಗಮನಿಸಬೇಕು.

5. ಸಂಖ್ಯೆಯನ್ನು ಎಲ್ಲಿ ಬರೆಯಬೇಕು?

ಆವೃತ್ತಿಯನ್ನು ಕೋಡಿನಲ್ಲಿಯೇ ಸ್ಥಿರಾಂಕವಾಗಿ ಬರೆದಿಟ್ಟರೆ ಆ ಕರ್ನಲ್ ಒಂದು ಜಾತಿಯ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ. ಎಎಂಡಿ ಸಂಸ್ಥೆಯ ಎಲಾನ್ ಎಂಬ ಪ್ರೊಸೆಸರು ಇತರ ವಿಷಯಗಳಲ್ಲಿ ಪಿಸಿಯಂತೆಯೇ ಇದ್ದರೂ ಅದರ ಟೈಮರಿನ ಆವೃತ್ತಿ 11,89,200. ಆದಕಾರಣ ಲಿನಕ್ಸಿನಲ್ಲಿ ಅದಕ್ಕಾಗಿ ಪ್ರತ್ಯೇಕ ಸಾಲನ್ನು ಬರೆಯಬೇಕಾಯಿತು. ಸಾಮಾನ್ಯ ಪಿಸಿಯ ಸಂಖ್ಯೆಯನ್ನೇ ಅದಕ್ಕೂ ಬಳಸಿದ್ದರೆ ಗಡಿಯಾರವು ದಿನಕ್ಕೆ ಸುಮಾರು ಐದು ನಿಮಿಷ ತಪ್ಪುತ್ತಿತ್ತು. ಒಂದೊಂದು ಬೋರ್ಡಿಗೂ ಒಂದೊಂದು ಸ್ಫಟಿಕವಿರುವ ಆರ್ಮ್ ಯಂತ್ರಗಳಲ್ಲಿ ಈ ಕ್ರಮವು ನಡೆಯುವಂತಿರಲಿಲ್ಲ.

ಆದುದರಿಂದ ಸಂಖ್ಯೆಯನ್ನು ಕೋಡಿನಿಂದ ಹೊರತೆಗೆದು ಯಂತ್ರದ ಕಡೆಗೆ ಸರಿಸುವ ಪ್ರಯತ್ನಗಳು ನಡೆದುವು. ಡಿವೈಸ್ ಟ್ರೀ ಎಂಬುದು ಬೋರ್ಡಿನಲ್ಲಿರುವ ಭಾಗಗಳನ್ನು ಕ್ರಮವಾಗಿ ವಿವರಿಸುವ ಒಂದು ಪಟ್ಟಿ. ಕರ್ನಲ್ ಆರಂಭವಾಗುವಾಗ ಅದನ್ನು ಓದಿಕೊಳ್ಳುತ್ತದೆ. ಆರ್‌ಐಎಸ್‌ಸಿ–ಫೈವ್ ವರ್ಗದ ಯಂತ್ರಗಳಲ್ಲಿ ಟೈಮರಿನ ಆವೃತ್ತಿಯನ್ನು ಈ ಪಟ್ಟಿಯಲ್ಲಿಯೇ ನಮೂದಿಸುತ್ತಾರೆ. ಪಿಸಿಗಳ ಹೈ ಪ್ರಿಸಿಷನ್ ಈವೆಂಟ್ ಟೈಮರಿನಲ್ಲಿ ಮಿಡಿತದ ಅವಧಿಯನ್ನು ಟೈಮರಿನ ರಿಜಿಸ್ಟರೇ ಫೆಮ್ಟೊಸೆಕೆಂಡುಗಳಲ್ಲಿ ತಿಳಿಸುತ್ತದೆ. ಅನೇಕ ಯಂತ್ರಗಳಲ್ಲಿ ಅಲ್ಲಿ ದೊರೆಯುವ ಸಂಖ್ಯೆ 6,98,41,279. ಇದನ್ನು ತಿರುಗಿಸಿದರೆ ಮತ್ತೆ ಅದೇ 14.31818 ಮೆಗಾಹರ್ಟ್ಸ್! ಆರ್ಮ್ ಪ್ರೊಸೆಸರುಗಳ ಟೈಮರಿನಲ್ಲಿಯೂ ಆವೃತ್ತಿಗೆಂದು ಒಂದು ರಿಜಿಸ್ಟರು ಉಂಟು. ಆದರೆ ಅದು ತಾನಾಗಿ ಅಳೆದು ಹೇಳುವುದಿಲ್ಲ. ಯಂತ್ರ ಆರಂಭವಾಗುವಾಗ ಫರ್ಮ್‌ವೇರ್ ಅದರಲ್ಲಿ ಬರೆದುದನ್ನು ಮಾತ್ರ ಓದಿ ಹೇಳುತ್ತದೆ. ಫರ್ಮ್‌ವೇರ್ ಬರೆಯುವುದನ್ನು ಮರೆತರೆ ಅಥವಾ ತಪ್ಪಾಗಿ ಬರೆದರೆ ಕರ್ನಲ್ ಅದನ್ನೇ ನಂಬಬೇಕಾಗುತ್ತದೆ. ಇಂಥ ಸಂದರ್ಭಕ್ಕೆಂದೇ ಡಿವೈಸ್ ಟ್ರೀಯಲ್ಲಿ ಆವೃತ್ತಿಯನ್ನು ಬೇರೆಯಾಗಿ ಸೂಚಿಸಲು ಅವಕಾಶವಿದೆ. ಸಂಖ್ಯೆ ಯಂತ್ರದೊಳಗಿನ ರಿಜಿಸ್ಟರಿನಲ್ಲಿದ್ದ ಮಾತ್ರಕ್ಕೆ ಅದು ಯಂತ್ರದ ಗುಣವಾಗುವುದಿಲ್ಲ. ಅಲ್ಲಿಯೂ ಅದು ಒಬ್ಬರು ಬರೆದಿಟ್ಟ ವರದಿಯೇ.

6. ವರದಿ ಸುಳ್ಳಾದಾಗ

2017ರ ವೇಳೆಗೆ ಕಂಡುಬಂದ ಒಂದು ಪ್ರಕರಣವನ್ನು ಇಲ್ಲಿ ಉದಾಹರಿಸಬಹುದು. ಇಂಟೆಲ್ ಪ್ರೊಸೆಸರುಗಳೊಳಗಿನ ಕಾಲಗಣನೆಯ ಕೌಂಟರು ಒಂದು ಸ್ಫಟಿಕದ ಆವೃತ್ತಿಯನ್ನು ನಿಯತ ಅನುಪಾತದಲ್ಲಿ ಹೆಚ್ಚಿಸಿಕೊಂಡು ನಡೆಯುತ್ತದೆ. ಅನುಪಾತವನ್ನು ಪ್ರೊಸೆಸರು ತಾನೇ ತಿಳಿಸುತ್ತದೆ. ಸ್ಫಟಿಕದ ಆವೃತ್ತಿಯನ್ನು ಕೆಲವು ಪ್ರೊಸೆಸರುಗಳು ತಿಳಿಸುತ್ತಿರಲಿಲ್ಲ. ಅಂಥವುಗಳಿಗಾಗಿ ಲಿನಕ್ಸಿನಲ್ಲಿ ಒಂದು ಕೋಷ್ಟಕವನ್ನು ಬರೆದು, ಸ್ಕೈಲೇಕ್ ವರ್ಗದ ಒಂದು ಮಾದರಿಗೆ 25 ಮೆಗಾಹರ್ಟ್ಸ್ ಎಂದು ನಮೂದಿಸಿದ್ದರು. ಸರ್ವರ್ ಯಂತ್ರಗಳಿಗೆ ಇದು ಸರಿಯಾಗಿತ್ತು. ಆದರೆ ಅದೇ ಮಾದರಿಯ ಸಂಖ್ಯೆಯನ್ನು ಹೊತ್ತ ವರ್ಕ್‌ಸ್ಟೇಷನ್ ಯಂತ್ರಗಳಲ್ಲಿ ಇದ್ದುದು 24 ಮೆಗಾಹರ್ಟ್ಸಿನ ಸ್ಫಟಿಕ. ಫಲವಾಗಿ ಗಡಿಯಾರವು ಶೇಕಡಾ ನಾಲ್ಕರಷ್ಟು ಹಿಂದೆ ಬಿದ್ದಿತು. ಎಂದರೆ ಗಂಟೆಗೆ 2 ನಿಮಿಷ 24 ಸೆಕೆಂಡು.

ಸರ್ವರ್ ಯಂತ್ರಗಳೂ ಪೂರ್ಣವಾಗಿ ಪಾರಾಗಲಿಲ್ಲ. ವಿದ್ಯುತ್ಕಾಂತೀಯ ವಿಕಿರಣದ ಉಪದ್ರವವನ್ನು ತಗ್ಗಿಸಲು ಅಳವಡಿಸಿದ್ದ ಒಂದು ಮಂಡಲವು ಅವುಗಳ ನಿಜವಾದ ಆವೃತ್ತಿಯನ್ನು ಶೇಕಡಾ ಸುಮಾರು ಕಾಲು ಭಾಗದಷ್ಟು ಇಳಿಸಿತ್ತು. ಇದರಿಂದ ಹತ್ತು ನಿಮಿಷಗಳಿಗೆ ಒಂದು ಸೆಕೆಂಡಿನಷ್ಟಾದರೂ ಕಾಲವು ಹಿಂದೆ ಬೀಳುತ್ತಿತ್ತು. 2017–18ರಲ್ಲಿ ಮಾಡಿದ ತಿದ್ದುಪಡಿಯು ಹೊಸ ಸಂಖ್ಯೆಯೊಂದನ್ನು ತರಲಿಲ್ಲ. ಕೋಷ್ಟಕದಿಂದ ಆ ಸಾಲನ್ನೇ ತೆಗೆದುಹಾಕಿ, ಆ ಮಾದರಿಯ ಯಂತ್ರಗಳಲ್ಲಿ ಆವೃತ್ತಿಯನ್ನು ಇನ್ನೊಂದು ಟೈಮರಿನೊಡನೆ ಹೋಲಿಸಿ ಅಳೆದು ತಿಳಿಯುವಂತೆ ಮಾಡಿತು.

ಜಾಲದ ಮೂಲಕ ಸರಿಯಾದ ಕಾಲವನ್ನು ಪಡೆಯುತ್ತಿರುವಾಗ ಈ ಚಿಂತೆ ಏಕೆಂದು ಕೇಳಬಹುದು. ಲಿನಕ್ಸ್ ಕರ್ನಲ್ ಗಡಿಯಾರದ ಗತಿಯನ್ನು ಹೀಗೆ ಮೆಲ್ಲನೆ ತಿದ್ದಲು ಒಪ್ಪುವುದು ದಶಲಕ್ಷದಲ್ಲಿ 500 ಭಾಗಗಳವರೆಗೆ, ಎಂದರೆ ದಿನಕ್ಕೆ 43.2 ಸೆಕೆಂಡುಗಳವರೆಗೆ ಮಾತ್ರ. ಶೇಕಡಾ ನಾಲ್ಕೆಂದರೆ ದಶಲಕ್ಷದಲ್ಲಿ 40,000 ಭಾಗ. ಅಷ್ಟನ್ನು ಮೆಲ್ಲನೆ ತಿದ್ದುವುದು ಸಾಧ್ಯವಿಲ್ಲದುದರಿಂದ ಗಡಿಯಾರವನ್ನು ಆಗಾಗ ಎಳೆದು ಕೂರಿಸಬೇಕಾಗುತ್ತದೆ. ಆಗ ಎರಡು ಘಟನೆಗಳ ನಡುವಣ ಅವಧಿಯ ಲೆಕ್ಕವು ನಂಬಿಕೆಗೆ ಅನರ್ಹವಾಗುತ್ತದೆ.

7. ಉಪಸಂಹಾರ

ಅಗ್ಗದ ಸ್ಫಟಿಕಕ್ಕೂ ತನ್ನದೇ ಆದ ದೋಷವುಂಟು. ಅದು ದಶಲಕ್ಷದಲ್ಲಿ ಕೆಲವು ಹತ್ತು ಭಾಗಗಳಷ್ಟಿದ್ದು ಉಷ್ಣತೆಯೊಡನೆ ಬದಲಾಗುತ್ತದೆ. ಹೀಗಿರುವಾಗ ಯಂತ್ರದ ದೋಷವನ್ನೂ ಸಂಖ್ಯೆಯ ದೋಷವನ್ನೂ ಬೇರ್ಪಡಿಸುವುದು ಹೇಗೆ? ಇದಕ್ಕೆ ಪ್ರಯೋಗಶಾಲೆಯಲ್ಲಿ ಸುಲಭವಾಗಿ ಮಾಡಬಹುದಾದ ಒಂದು ಪರೀಕ್ಷೆಯಿದೆ. ಒಂದೇ ಮಾದರಿಯ ನಾಲ್ಕಾರು ಯಂತ್ರಗಳಲ್ಲಿ ಜಾಲದ ಮೂಲಕ ಆಗುವ ತಿದ್ದುಪಾಟನ್ನು ನಿಲ್ಲಿಸಬೇಕು. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ನಿರ್ವಹಿಸುವ ಭಾರತೀಯ ಕಾಲಮಾನದೊಡನೆ ಅವುಗಳ ಕಾಲವನ್ನು ಒಂದು ಬಾರಿ ಹೋಲಿಸಿ ಬರೆದುಕೊಂಡು, 24 ಗಂಟೆಗಳ ತರುವಾಯ ಮತ್ತೆ ಹೋಲಿಸಬೇಕು. ದಿನಕ್ಕೆ ಒಂದು ಸೆಕೆಂಡು ವ್ಯತ್ಯಾಸವೆಂದರೆ ದಶಲಕ್ಷದಲ್ಲಿ 11.57 ಭಾಗ. ವ್ಯತ್ಯಾಸಗಳು ಒಂದರಲ್ಲಿ ಮುಂದೂ ಇನ್ನೊಂದರಲ್ಲಿ ಹಿಂದೂ ಆಗಿ ಚದುರಿದ್ದರೆ ಅದು ಸ್ಫಟಿಕಗಳ ಸ್ವಭಾವ. ಎಲ್ಲ ಯಂತ್ರಗಳೂ ಒಂದೇ ದಿಕ್ಕಿನಲ್ಲಿ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಮೊದಲು ಶಂಕಿಸಬೇಕಾದುದು ಕೋಡಿನ ಸಂಖ್ಯೆಯನ್ನು. ಯಂತ್ರ ಆರಂಭವಾದಾಗ ಕರ್ನಲ್ ತಾನು ಕಂಡುಕೊಂಡ ಆವೃತ್ತಿಯನ್ನು ತನ್ನ ದಾಖಲೆಯಲ್ಲಿ ಬರೆಯುತ್ತದೆ. ಅದನ್ನೂ ಜೊತೆಗಿಟ್ಟು ನೋಡುವುದು ಲೇಸು.

ಟೈಮರನ್ನು ಕುರಿತು ಕೋಡ್ ಬರೆಯುವವರು ಮೂರು ನಿಯಮಗಳನ್ನು ನೆನಪಿನಲ್ಲಿಡಬಹುದು. ಮೊದಲನೆಯದಾಗಿ, ಸಂಗತಿಯಾದ ಆವೃತ್ತಿಯನ್ನೂ ಆಯ್ಕೆಯಾದ ಎಚ್‌ಝಡ್‌ನ್ನೂ ಬೇರೆ ಬೇರೆ ಹೆಸರುಗಳಲ್ಲಿ, ಬೇರೆ ಬೇರೆ ಸ್ಥಳಗಳಲ್ಲಿ ಇಡಬೇಕು. ಎರಡನೆಯದಾಗಿ, ಭಾಗಿಸಿ ಪೂರ್ಣಾಂಕ ಮಾಡಿದ ಮೇಲೆ ಬಯಸಿದ ಬೆಲೆಯನ್ನು ಮರೆತು, ದೊರೆತ ಬೆಲೆಯಿಂದಲೇ ಮುಂದಿನ ಲೆಕ್ಕವನ್ನು ಮಾಡಬೇಕು. ಮೂರನೆಯದಾಗಿ, ಆವೃತ್ತಿಯನ್ನು ಎಲ್ಲಿಂದ ಪಡೆದರೂ, ಅದು ಕೋಷ್ಟಕವಾಗಲಿ ಡಿವೈಸ್ ಟ್ರೀಯಾಗಲಿ ರಿಜಿಸ್ಟರಾಗಲಿ, ಸಾಧ್ಯವಿದ್ದೆಡೆಯಲ್ಲೆಲ್ಲ ಮತ್ತೊಂದು ಟೈಮರಿನೊಡನೆ ಅದನ್ನು ಹೋಲಿಸಿ ನೋಡಬೇಕು. ಮದರಾಸಿನ ಐಐಟಿಯ ಶಕ್ತಿ ಪ್ರೊಸೆಸರಿನಂಥವು ನಮ್ಮಲ್ಲಿಯೇ ರೂಪುಗೊಳ್ಳುತ್ತಿರುವ ಈ ಕಾಲದಲ್ಲಿ, ಹೊಸ ಬೋರ್ಡೊಂದಕ್ಕೆ ಮೊದಲ ಬಾರಿಗೆ ಆವೃತ್ತಿಯನ್ನು ನಮೂದಿಸುವ ಕೆಲಸವು ನಮ್ಮ ವಿದ್ಯಾರ್ಥಿಗಳ ಪಾಲಿಗೇ ಬರಬಹುದು. ಅಂದು ಅವರು ಬರೆಯುವ ಒಂದು ಸಾಲನ್ನು ಆ ಯಂತ್ರವನ್ನು ಬಳಸುವವರೆಲ್ಲರೂ ಪರೀಕ್ಷಿಸದೆ ನಂಬುತ್ತಾರೆ. ಆದುದರಿಂದ ಆ ಸಾಲನ್ನು ಬರೆಯುವ ಮುನ್ನ ಅಳೆದು ನೋಡುವುದು ಬರೆಯುವವರ ಕರ್ತವ್ಯವಾಗಿದೆ.